ಚೆಂಡು ಕೊಟ್ಟರು, ನೆಲ ಕೊಡಲಿಲ್ಲ: ಧಾರವಾಡ ಸೀಮೆಯ ಬೀದಿ ಆಟದ ಚರಿತ್ರೆ

ಬರಹ ಸ್ವಲ್ಪ ಉದ್ದ ಐತಿ, ಚಹಾ ಕುಡಕೋತ ಓದ್ರಿ.

ಧಾರವಾಡ ಸೀಮ್ಯಾಗ ಹುಟ್ಟಿದ ದೊಡ್ಡವರು ಯಾರ್‍ಯಾರು ಅಂತ ಕೇಳಿದ್ರ ಎಲ್ಲರೂ ಪಟಪಟ ಹೇಳ್ತಾರ. ಬೇಂದ್ರೆ ಅಜ್ಜ, ಹಿಂದೂಸ್ತಾನಿ ಸಂಗೀತದ ದಿಗ್ಗಜರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಎಲ್ಲಾ ಖರೇನ. ಆದರ ಪಾಲ್ವಣಕರ್ ಬಾಲೂ ಅನ್ನೋ ಹೆಸರನ್ನ ನಮ್ಮ ಕಡೆ ಎಷ್ಟು ಮಂದಿ ಕೇಳ್ಯಾರ? ನನ್ನ ಬಿ.ಎ. ಮುಗಿಯೋತನಕ ಒಬ್ಬ ಮಾಸ್ತರೂ ನನಗ ಹೇಳಿರಲಿಲ್ಲ. ಭಾರತದ ಮೊದಲ ಶ್ರೇಷ್ಠ ಸ್ಪಿನ್ ಬೌಲರ್ ಅಂತ ಕ್ರಿಕೆಟ್ ಚರಿತ್ರೆಕಾರರು ಒಪ್ಪಿಕೊಳ್ಳುವ ಈ ಮನುಷ್ಯ 1876ರ ಸುಮಾರಿಗೆ ಹುಟ್ಟಿದ್ದು ಇದೇ ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣದ ಪಾಲ್ವಣ. ಜಾತಿ ಚಮ್ಮಾರ. ತಂದೆ ಸೈನ್ಯದ ನೌಕರಿಯಲ್ಲಿದ್ದವರು. ಸೈನ್ಯದ ನೌಕರಿ ಅಂದ್ರ ಊರಿಂದ ಊರಿಗೆ ತಿರಗೂ ಬದುಕು, ಹಂಗಾಗಿ ಬಾಲೂ ಬೆಳೆದದ್ದು ಪುಣೆಯಲ್ಲಿ.

ಅವರಿಗೆ ಸಿಕ್ಕ ಮೊದಲ ಕೆಲಸ ಪಾರಸಿಗಳ ಕ್ರಿಕೆಟ್ ಮೈದಾನದಲ್ಲಿ. ಪಿಚ್ ಕಸ ಹೊಡೆಯೋದು, ರೋಲರ್ ಎಳೆಯೋದು. ತಿಂಗಳಿಗೆ 3 ರೂಪಾಯಿ. ಆಮೇಲೆ 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್‌ಗೆ ಹೋದರು, ಅಲ್ಲಿ 4 ರೂಪಾಯಿ. ನೆಟ್ ಕಟ್ಟೋದು, ಗೆರೆ ಹೊಡೆಯೋದು, ಸಾಹೇಬರಿಗೆ ಅಭ್ಯಾಸ ಬೇಕಾದಾಗ ಚೆಂಡು ಎಸೆಯೋದು. ಗ್ರೆಗ್ ಅನ್ನೋ ಇಂಗ್ಲಿಷ್ ಬ್ಯಾಟ್ಸ್‌ಮನ್‌ಗೆ ತಾಸುಗಟ್ಟಲೆ ಬೌಲಿಂಗ್ ಮಾಡಿ ಮಾಡಿ ಅವರ ಎಡಗೈ ಪಳಗಿತು. ಗಮನಿಸ್ರಿ, ಚೆಂಡು ಕೊಟ್ಟರು, ಬ್ಯಾಟು ಕೊಡಲಿಲ್ಲ. ಬೌಲಿಂಗ್ ಅಂದ್ರ ಬೆವರಿನ ಕೆಲಸ, ಬ್ಯಾಟಿಂಗ್ ಅಂದ್ರ ದೊಡ್ಡವರ ಕೆಲಸ.

ಸಾಹೇಬರನ್ನೇ ಔಟ್ ಮಾಡೋ ಹುಡುಗ ಒಬ್ಬಾಂವ ಅದಾನ ಅಂತ ಪುಣೆಯ ಹಿಂದೂ ತಂಡಕ್ಕೆ ಗೊತ್ತಾಯಿತು. ಬ್ರಾಹ್ಮಣರೇ ತುಂಬಿದ್ದ ತಂಡ. ತಗೋಬೇಕೋ ಬ್ಯಾಡೋ ಅಂತ ಚರ್ಚೆ ಆತು. ಕೊನೆಗೆ ತಗೊಂಡರು, ಯಾಕಂದ್ರ ಯುರೋಪಿಯನ್ನರನ್ನ ಸೋಲಿಸಬೇಕಿತ್ತು. ಮೈದಾನದಾಗ ಬಾಲೂ ಮುಟ್ಟಿದ ಚೆಂಡನ್ನ ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಉಳಿದವರಿಗೆ ಪೆವಿಲಿಯನ್ ಒಳಗ ಪಿಂಗಾಣಿ ಕಪ್ಪು, ಬಾಲೂಗೆ ಹೊರಗ, ಬಿಸಾಡೋ ಮಣ್ಣಿನ ಕುಡಿಕೆ. ಊಟನೂ ಬ್ಯಾರೆ. ರಾಮಚಂದ್ರ ಗುಹಾ ಇದನ್ನೆಲ್ಲ ವಿವರವಾಗಿ ಬರೆದಿದ್ದಾರೆ. ನಮ್ಮ ಊರ ಹೋಟೆಲ್‌ಗಳಾಗ ಬ್ಯಾರೆ ಕಪ್ಪು-ಬಸಿ ನೋಡಿದ ನಮ್ಮ ಅಪ್ಪಂದಿರ ವಾರಗಿಯವರಿಗೆ ಇದನ್ನ ಬಿಡಿಸಿ ಹೇಳೂ ಅವಶ್ಯ ಇಲ್ಲ.

ಪ್ಲೇಗ್ ಬಂದ ಮೇಲೆ ಬಾಲೂ ಮುಂಬೈಗೆ ಹೋದರು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನ 109 ರನ್‌ಗಳಿಂದ ಸೋಲಿಸಿತು. ದೇಶದ ತುಂಬ ಸುದ್ದಿ. ಬಾಲೂ ಆ ಪಂದ್ಯದಲ್ಲಿ 8 ವಿಕೆಟ್ ತೆಗೆದಿದ್ದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋತು. ತಂಡ ಸೋತದ್ದೇ ಹೆಚ್ಚು, ಆದರೆ ಬಾಲೂ ಒಬ್ಬರೇ ಆ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ತಿರುಗಿ ಬಂದಾಗ ಮುಂಬೈಯಲ್ಲಿ ನಮ್ಮ ಜನ ಸನ್ಮಾನ ಇಟ್ಟುಕೊಂಡರು. ಆ ಮಾನಪತ್ರ ಬರೆದದ್ದು ಆಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ತರುಣ ಭೀಮರಾವ್ ಅಂತ ಹೇಳ್ತಾರೆ. ಬಾಬಾಸಾಹೇಬರು ಇನ್ನೂ ಬಾಬಾಸಾಹೇಬರಾಗಿರದ ಕಾಲ ಅದು.

ಇಷ್ಟೆಲ್ಲ ಆದರೂ ಬಾಲೂಗೆ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ. ವರ್ಷದಿಂದ ವರ್ಷಕ್ಕೆ ಮುಂದೂಡಿದರು. 1920ರಲ್ಲಿ ಅವರ ತಮ್ಮಂದಿರಾದ ಶಿವರಾಂ ಮತ್ತು ವಿಠ್ಠಲ ತಂಡದಿಂದ ಹೊರನಡೆದರು, ಜಾತಿಯ ಕಾರಣಕ್ಕೆ ಅನ್ಯಾಯ ಆಗಿದೆ ಅಂತ ಪತ್ರಿಕೆಗೆ ಹೇಳಿಕೆ ಕೊಟ್ಟರು. ಗದ್ದಲ ಎದ್ದ ಮೇಲೆ ಬಾಲೂ ಉಪನಾಯಕರಾದರು. ನಾಯಕತ್ವ ಅಂತ ಸಿಕ್ಕಿದ್ದು 1923ರಲ್ಲಿ, ತಮ್ಮ ವಿಠ್ಠಲಗೆ. ಆ ವರ್ಷ ಹಿಂದೂ ತಂಡ ಗೆದ್ದಿತು. ಇದನ್ನ ನಾನು ಮುಷ್ಕರದ ಚರಿತ್ರೆ ಅಂತ ಓದ್ತೇನಿ. ಕೆಲಸ ನಿಲ್ಲಿಸಿದ ಮ್ಯಾಲನ ಮಾತುಕತೆ ಶುರು ಆತು.

ಇನ್ನೊಂದು ಸಂಗತಿ ಐತಿ, ನಮ್ಮವರು ಕೆಲವರು ಅದನ್ನ ಮುಚ್ಚಿಡ್ತಾರ. ನಾನು ಮುಚ್ಚಿಡೂದಿಲ್ಲ. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಬಾಲೂ ಗಾಂಧೀಜಿಯವರ ಕಡೆ ನಿಂತರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಟಿಕೆಟ್ ಮ್ಯಾಲ ಬಾಬಾಸಾಹೇಬರ ವಿರುದ್ಧವೇ ಸ್ಪರ್ಧಿಸಿದರು. ಬಾಬಾಸಾಹೇಬರಿಗೆ 13,245 ಮತ, ಬಾಲೂಗೆ 11,225. ಬರೇ 2,020 ಮತಗಳ ಅಂತರ. ಬಾಲೂಗೆ ತಮ್ಮದೇ ಬುದ್ಧಿ ಇರಲಿಲ್ಲ ಅಂತ ನಾನು ಅನ್ನೂದಿಲ್ಲ, ಅದು ಅವರಿಗೆ ಮಾಡೋ ಅವಮಾನ. ಆದರೆ ಅವರ ಬೆನ್ನಿಗೆ 30-40 ವರ್ಷ ಯಾರು ಇದ್ದರು ನೋಡ್ರಿ. ಜಿಮ್ಖಾನಾ, ಕ್ಲಬ್ಬು, ರಾಷ್ಟ್ರೀಯವಾದಿ ಪತ್ರಿಕೆ. ಸಾಹೇಬನಿಗೆ ಅಭ್ಯಾಸ ಬೇಕಿತ್ತು, ಹಿಂದೂ ತಂಡಕ್ಕೆ ಗೆಲುವು ಬೇಕಿತ್ತು, ಪಕ್ಷಕ್ಕೆ ಒಂದು ಮುಖ ಬೇಕಿತ್ತು. ಒಬ್ಬೊಬ್ಬರೂ ಬೆಂಬಲ ಕೊಟ್ಟರು, ಒಬ್ಬೊಬ್ಬರೂ ವಸೂಲಿ ಮಾಡಿಕೊಂಡರು. 1955ರ ಜುಲೈನಲ್ಲಿ ಬಾಲೂ ತೀರಿಕೊಂಡರು.

ಇದು ಪುಣೆ-ಮುಂಬೈ ಮಾತಾತು. ನಮ್ಮ ಎರಿ ಸೀಮ್ಯಾಗ ಏನಿತ್ತು?

ಇಲ್ಲಿ ಆಟ ಅಂದ್ರ ಕುಸ್ತಿ. ಊರಿಗೊಂದು ಗರಡಿಮನಿ, ಜಾತ್ರಿಗೊಂದು ಕುಸ್ತಿ ಕಣ. ಗರಡಿಮನಿ ಅನ್ನೋದು ಬರೇ ವ್ಯಾಯಾಮದ ಜಾಗ ಆಗಿರಲಿಲ್ಲ. ಅಲ್ಲಿ ಹನುಮಪ್ಪ ಇರ್ತಿದ್ದ, ಕೆಮ್ಮಣ್ಣಿಗೆ ಪೂಜೆ ಆಗ್ತಿತ್ತು. ಅಂದ್ರ ಅರ್ಧ ಗುಡಿ. ಗುಡಿ ಅಂದಮ್ಯಾಲ ನಮ್ಮ ಕೇರಿಯ ಹುಡುಗರು ಬಾಗಿಲ ಹೊರಗ. ಎಲ್ಲಾ ಊರಾಗೂ ಹಿಂಗ ಇತ್ತು ಅಂತ ಅಲ್ಲ, ನಮ್ಮ ಪೈಲವಾನರೂ ಅಲ್ಲಲ್ಲಿ ಆಗಿಹೋಗ್ಯಾರ. ಆದರ ಕುಸ್ತಿ ಕಣದಾಗ ನಮಗ ಕಾಯಂ ಇದ್ದ ಜಾಗ ಹಲಗಿ ಬಾರಿಸೋದು. ಪೈಲವಾನರು ಇಳಿಯೋವಾಗ ಹಲಗಿ, ಪಟ್ಟು ಬಿಗಿಯಾದಾಗ ಹಲಗಿ ಜೋರು, ಚಿತ್ತಾದ ಕೂಡಲೆ ಗೆದ್ದವನ ಹಿಂದ ಹಲಗಿ. ನಮ್ಮ ಅಜ್ಜನೂ ಬಾರಿಸ್ಯಾನ. ಕಣದ ಜೀವ ನಮ್ಮ ಕೈಯಾಗಿತ್ತು, ಮೈ ಮಾತ್ರ ಹಗ್ಗದ ಆಚಿ. ಬೆಳ್ಳಿ ಕಡಗ ಪೈಲವಾನಗ, ಕಾಳು-ಕಡಿ ನಮಗ.

ಈಗ ಹುಬ್ಬಳ್ಳಿಗೆ ಬರೋಣು. ನಮ್ಮ ಕುಬಿಹಾಳದಿಂದ ಕೂಲಿಗೆ, ಕಾಲೇಜಿಗೆ, ದವಾಖಾನಿಗೆ ಎಲ್ಲಾ ಹೋಗೋದು ಹುಬ್ಬಳ್ಳಿಗೇ. ಹುಬ್ಬಳ್ಯಾಗ ಹಾಕಿ ಅಂದ್ರ ಥಟ್ಟನೆ ಬರೋ ಹೆಸರು ಸೆಟ್ಲಮೆಂಟ್. ಗದಗ-ಬೆಟಗೇರಿಯ ಸೆಟ್ಲಮೆಂಟ್ ಕೂಡ ಹಾಕಿಗೆ ಹೆಸರು ಮಾಡಿದ್ದೇ. ಇವತ್ತಿನ ಹುಡುಗರಿಗೆ ಅದು ಒಂದು ಬಸ್‌ಸ್ಟಾಪಿನ ಹೆಸರು. ಆ ಹೆಸರಿನ ಹಿಂದೆ ಒಂದು ಕಾಯ್ದೆ ಐತಿ.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ತಂದರು. ಹುಟ್ಟಿನಿಂದಲೇ ಕಳ್ಳರು ಅಂತ ಇಡೀ ಸಮುದಾಯಗಳಿಗೆ ಹಣೆಪಟ್ಟಿ. ಮೊದಲು ಉತ್ತರ ಭಾರತದಲ್ಲಿ, 1911ರ ತಿದ್ದುಪಡಿಯ ನಂತರ ನಮ್ಮ ಮುಂಬೈ ಪ್ರಾಂತ್ಯದಲ್ಲೂ. ಕೊರವರು, ಗಂಟಿಚೋರರು, ಹರಣಶಿಕಾರಿಗಳು, ಕಂಜರಭಾಟರು. 'ಗಂಟಿಚೋರ' ಅನ್ನೋ ಬೈಗಳವೇ ಸರಕಾರಿ ಕಾಗದದಾಗ ಜಾತಿಯ ಹೆಸರಾಗಿ ಇವತ್ತಿಗೂ ಕುಂತೈತಿ. ಇವರನ್ನ ಹಿಡಿದು ತಂದು ವಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರದಂತಹ ಊರಲ್ಲಿ ತಂತಿ ಬೇಲಿಯೊಳಗೆ ಇಟ್ಟರು. ಸ್ಟಾರ್ಟ್ ಅನ್ನೋ ಐಸಿಎಸ್ ಅಧಿಕಾರಿ ಇದರ ಉಸ್ತುವಾರಿ. ಗಿರಣಿಗೆ, ರೈಲ್ವೆಗೆ ಕೂಲಿ ಜನ ಬೇಕಿತ್ತು, ಸೆಟ್ಲಮೆಂಟ್‌ಗಳು ಬಂದದ್ದೂ ಅಂತಹ ಊರಿಗೇ. ದಿನಾ ಹಾಜರಿ. ಪಾಸ್ ಇಲ್ಲದೆ ಹೊರಗೆ ಹೋದರೆ ಶಿಕ್ಷೆ. ಮಕ್ಕಳಿಗೆ ಶಾಲೆ, ಕವಾಯತು, ಆಟ. ಆಟ ಅಲ್ಲಿ ಸುಧಾರಣೆಯ ಔಷಧಿ. ಕಳ್ಳನ ಮಗ ಕಳ್ಳ ಆಗಬಾರದು ಅಂದ್ರ ಅವನ ಕೈಯಾಗ ಏನಾರ ಕೊಡಬೇಕು ಅನ್ನೋ ವಿಚಾರ.

ಇಲ್ಲೊಂದು ಅಡ್ಡಮಾತು. ಇದೇ ಸ್ಟಾರ್ಟ್ ಅಧ್ಯಕ್ಷತೆಯಲ್ಲಿ ಮುಂಬೈ ಸರಕಾರ ಶೋಷಿತ ವರ್ಗಗಳ ಸ್ಥಿತಿಗತಿ ತಿಳಿಯಲು ಒಂದು ಸಮಿತಿ ಮಾಡಿತ್ತು. 1930ರಲ್ಲಿ ಅದರ ವರದಿ ಬಂತು. ಅದರ ಸದಸ್ಯರಲ್ಲಿ ಬಾಬಾಸಾಹೇಬರೂ ಇದ್ದರು. ಅಧಿಕಾರಿ ಒಬ್ಬನೇ. ಒಂದು ಕೈಯಾಗ ತಂತಿ ಬೇಲಿ, ಇನ್ನೊಂದು ಕೈಯಾಗ ವರದಿ. ಸರಕಾರ ಅನ್ನೋದು ಯಾವಾಗಲೂ ಹಿಂಗನ, ಆಫೀಸಿನಾಗ ಇಪ್ಪತ್ತು ವರ್ಷ ಕಾಗದ ಜೋಡಿಸಿದ ನನಗ ಇದರಾಗ ಆಶ್ಚರ್ಯ ಏನೂ ಅನಸಲಿಲ್ಲ.

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಆ ದಿನವನ್ನು ವಿಮುಕ್ತ ದಿನ ಅಂತ ಆಚರಿಸುತ್ತೇವೆ. ಸೆಟ್ಲಮೆಂಟ್ ಬೇಲಿ ಹೋತು, ಹೆಸರು ಹೋಗಲಿಲ್ಲ, ಪೊಲೀಸರ ಸಂಶಯ ಹೋಗಲಿಲ್ಲ. 1961ರಲ್ಲಿ ನಮ್ಮ ರಾಜ್ಯದಾಗ ರೂಢಿಗತ ಅಪರಾಧಿಗಳ ಕಾಯ್ದೆ ಬಂತು, ಹಳೆ ವೈನ್ ಶಾಪಿಗೆ ಹೊಸ ಬೋರ್ಡ್ ಹಾಕಿದಂಗ. ಆದರ ಆ ಜನ ಹಾಕಿ ಸ್ಟಿಕ್ ಬಿಡಲಿಲ್ಲ. ಔಷಧಿ ಅಂತ ಕೊಟ್ಟದ್ದನ್ನ ಅವರು ಹಬ್ಬ ಮಾಡಿಕೊಂಡರು. ಅಪ್ಪ ಆಡಿದ, ಮಗ ಆಡಿದ, ಮೊಮ್ಮಗ ಆಡಿದ. ಆಟದ ಮ್ಯಾಲ ನೌಕರಿ ಹಿಡಿದವರೂ ಅದಾರ. ಹುಟ್ಟಿನಿಂದ ಕಳ್ಳ ಅಂತ ಬರೆಸಿಕೊಂಡವರ ಮಕ್ಕಳು ರಾಜ್ಯದ ಅಂಗಿ ಹಾಕ್ಕೊಂಡು ಮೈದಾನಕ್ಕೆ ಇಳಿದರಲ್ಲ, ಈ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗೆಲುವು ನನಗಂತೂ ಕಾಣೂದಿಲ್ಲ. ಯಾವ ಪಠ್ಯಪುಸ್ತಕದಾಗ ಐತಿ ಇದು?

ಮೂರನೇದು ನಮ್ಮ ಜಿಲ್ಲೆಯ ಇನ್ನೊಂದು ಮೂಲೆಯದು, ಕಲಘಟಗಿ ಕಾಡಂಚಿನ ಸಿದ್ದಿಗಳದು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ. ಹಳಿಯಾಳ, ಯಲ್ಲಾಪುರ, ಅಂಕೋಲಾ ಕಡೆ ಹೆಚ್ಚು, ನಮ್ಮ ಕಲಘಟಗಿ ತಾಲೂಕಿನಾಗೂ ಅದಾರ. 1980ರ ದಶಕದ ಕೊನೆಗೆ ಕೇಂದ್ರದ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆ ಅಂತ ಮಾಡಿ ಸಿದ್ದಿ ಮಕ್ಕಳನ್ನ ಆರಿಸಿ ತರಬೇತಿ ಕೇಂದ್ರಗಳಿಗೆ ಒಯ್ದಿತು. ವಿಚಾರ ಸರಳ: ಆಫ್ರಿಕಾದ ರಕ್ತ, ಓಡ್ತಾರ, ಒಲಿಂಪಿಕ್ಸ್‌ನಾಗ ಪದಕ ತರ್ತಾರ. ಮಕ್ಕಳು ಓಡಿದರು, ರಾಷ್ಟ್ರಮಟ್ಟದ ಪದಕ ತಂದರು. ಒಲಿಂಪಿಕ್ಸ್ ಪದಕ ಅಷ್ಟು ಲಗೂನ ಬರಲಿಲ್ಲ. 1993ರ ಹೊತ್ತಿಗೆ ಸಿದ್ದಿ ಮಕ್ಕಳ ಯೋಜನೆ ನಿಂತಿತು. ಅಂದ್ರ ಐದಾರು ವರ್ಷಕ್ಕ ಸರಕಾರದ ತಾಳ್ಮಿ ಮುಗೀತು. ಕೆಲವರಿಗೆ ಕ್ರೀಡಾ ಕೋಟಾದಾಗ ನೌಕರಿ ಸಿಕ್ತು, ಉಳಿದವರು ವಾಪಸ್ ಕಾಡಿಗೆ, ಕೂಲಿಗೆ. ಇನ್ನೊಂದು ಮಾತು ಕೇಳ್ರಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ 2003ರಲ್ಲಿ ಸಿಕ್ಕಿತು. ಅವರದೇ ಬೀಗರು ನಮ್ಮ ಧಾರವಾಡ ಜಿಲ್ಲಾದಾಗ ಇದ್ದರೆ ಇಲ್ಲ. ನಮ್ಮ ಜಿಲ್ಲೆ ಮತ್ತು ಬೆಳಗಾವಿಯ ಸಿದ್ದಿಗಳನ್ನ ಸೇರಿಸಿದ ಕಾಯ್ದೆ ಬಂದದ್ದು 2020ರಲ್ಲಿ. ಓಡೋ ಕಾಲನ್ನ ಗುರುತಿಸಾಕ ಸರಕಾರಕ್ಕ ಜಿಲ್ಲಾ ಗಡಿ ಅಡ್ಡ ಬರಲಿಲ್ಲ, ಹಕ್ಕು ಕೊಡೋವಾಗ ಅಡ್ಡ ಬಂತು.

ಇದಕ್ಕೆ ಬ್ಯಾರೆ ದಾರಿ ತೋರಿಸಿದ ಓಣಿಯೂ ನಮ್ಮ ರಾಜ್ಯದಾಗ ಐತಿ. ಬೆಂಗಳೂರಿನ ಹಲಸೂರು ಹತ್ತಿರದ ಗೌತಮಪುರ. ದಂಡು ಪ್ರದೇಶದ ಕೆಲಸಕ್ಕೆ ಬಂದು ನೆಲೆಸಿದ ತಮಿಳು ಮಾತಾಡೋ ದಲಿತರ ಓಣಿ. ಸಾಹೇಬರು ಆಡೋ ಫುಟ್ಬಾಲ್ ನೋಡಿ ತಾವೂ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು, ನಮ್ಮ ಹುಡುಗರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅವರು ನಮ್ಮವರು ಅಂತ ಗೌತಮಪುರದವರು ಎದೆ ತಟ್ಟಿ ಹೇಳ್ತಾರ. ಆ ಓಣ್ಯಾಗ ಬುದ್ಧ, ಬಾಬಾಸಾಹೇಬರು, ಮದರ್ ತೆರೇಸಾ ಇವರ ಸಾಲಿನಾಗ ಪೆಲೆ ಪ್ರತಿಮೆಯೂ ಐತಿ! ನನಗ ಅದು ಭಾಳ ಚಲೋ ಅನಸ್ತೈತಿ. ಬ್ರೆಜಿಲ್‌ನ ಕರಿಯ ಹುಡುಗನನ್ನ ತಮ್ಮ ಸಾಲಿನಾಗ ನಿಲ್ಲಿಸಾಕ ಅವರು ಯಾವ ಇಲಾಖೆಯ ಅಪ್ಪಣೆಗೂ ಕಾಯಲಿಲ್ಲ. ಅಲ್ಲಿ ಕ್ಲಬ್ಬು ಕಟ್ಟಿದವರೂ ಓಣಿಯವರೇ, ಹುಡುಗರಿಗೆ ಕಲಿಸಿದವರೂ ಓಣಿಯವರೇ.

ಈಗ ನಮ್ಮ ಊರಿಗೆ. ಕುಬಿಹಾಳ ಅಂದ್ರ ಎರಿ ಭೂಮಿ. ಮಳಿಗಾಲದಾಗ ಕಾಲಿಟ್ರ ಚಪ್ಪಲಿ ಉಳಿಯೂದಿಲ್ಲ, ಬ್ಯಾಸಗ್ಯಾಗ ಚೆಂಡು ಹೋಗುವಷ್ಟು ಬಿರುಕು. ಸುಗ್ಗಿ ಮುಗಿದು ಹೊಲ ಖಾಲಿ ಆದಾಗ ಎರಡು ಮೂರು ತಿಂಗಳು ಕ್ರಿಕೆಟ್, ಅದೂ ಹೊಲದ ಮಾಲಕ ಸುಮ್ಮನಿದ್ದರ. ಉಳಿದಂಗ ರಸ್ತೆ. ಹುಡುಗರು ಹುಬ್ಬಳ್ಳಿ ನೋಡಿ ಬರ್ತಾರ, ಅಲ್ಲಿಯ ಕಟಿಂಗು, ಅಲ್ಲಿಯ ಡ್ಯಾನ್ಸು, ಅಲ್ಲಿಯ ಟೆನ್ನಿಸ್ ಬಾಲ್ ಟೂರ್ನಿ ಎಲ್ಲಾ ಇಲ್ಲಿಗೆ ಬರ್ತೈತಿ. ಏಪ್ರಿಲ್ 14 ಬಂದ್ರ ನೀಲಿ ಟೀ ಶರ್ಟು, ಡಿಜೆ, ಜೊತೀಗೆ ಹಲಗಿ. ಹಿರೇರು ಬೈತಾರ. ನನಗ ಬೈಯಾಕ ಮನಸ್ಸಾಗೂದಿಲ್ಲ. ಹಿಂದ ಯಾರದೋ ಕುಸ್ತಿಗೆ ಬಾರಿಸಿದ ಹಲಗಿ ಈಗ ನಮ್ಮ ಜಯಂತಿಗೆ, ನಮ್ಮ ಹುಡುಗನ ಸಿಕ್ಸರ್‌ಗೆ ಬಾರಿಸ್ತೈತಿ. ಹೆಣ್ಣುಮಕ್ಕಳ ಮಾತು ಬ್ಯಾರೆ, ಅವಕ್ಕ ಏಳನೇತ್ತಿನ ಖೋ ಖೋ ಮುಗಿದ ಮ್ಯಾಲ ರಸ್ತೆನೂ ಇಲ್ಲ. ಹುಡುಗರಿಗೆ ಹೊಲ ಸಿಕ್ಕೀತು, ಹುಡುಗ್ಯಾರಿಗೆ ಸುತ್ತ ಗ್ವಾಡಿ ಇರೋ ಮೈದಾನ ಇಲ್ಲದಿದ್ರ ಆಟನ ಇಲ್ಲ.

ಕೇರಿ ಹುಡುಗರು ಮೈದಾನಕ್ಕಂತ ಅರ್ಜಿ ಬರೆದು, ತಿದ್ದಿ ಕೊಡ್ರಿ ಅಣ್ಣಾ ಅಂತ ನನ್ನ ಹತ್ರ ತಂದಿದ್ದರು. ಆಫೀಸಿನಾಗ ಇರ್ತಾನ, ಕಾಗದ ಗೊತ್ತು ಅಂತ. ಕಾರಣ ಅನ್ನೋ ಕಡೆ ಬರೆದಿದ್ದರು: ಯುವಕರು ದುಶ್ಚಟಗಳಿಗೆ ಬಲಿಯಾಗದಂತೆ ತಡೆಯುವ ಸಲುವಾಗಿ. ನಾನು ಆ ಸಾಲು ಹೊಡೆದು ಹಾಕಿದೆ. 'ಯಾಕಣ್ಣಾ, ಎಲ್ಲಾರೂ ಹಿಂಗ ಬರೀತಾರ' ಅಂದರು. ಎಲ್ಲಾರೂ ಬರಿಯೂದಿಲ್ಲ ತಮ್ಮಾ, ಅಂದೆ. ದೊಡ್ಡವರ ಮಕ್ಕಳು ಟೆನ್ನಿಸ್ ಕೋರ್ಟ್ ಕೇಳೋವಾಗ ನಮಗ ಕುಡಿಯೋ ಚಟ ಬಿಡಿಸ್ರಿ ಅಂತ ಬರೀತಾರೇನು? ನಾವ ಯಾಕ ನಮ್ಮ ಕೈಯಾರೆ ನಾವು ಕೆಡೋ ಮಂದಿ ಅಂತ ಬರಕೊಡಬೇಕು? ಇದು ಸೆಟ್ಲಮೆಂಟ್‌ನ ಭಾಷೆ. ಕಾರಣದ ಜಾಗದಾಗ 'ಆಡುವ ಸಲುವಾಗಿ' ಅಂತ ಬರೆಸಿದೆ. ಹುಡುಗರು ನಕ್ಕರು. ನಗಲಿ, ಬರದರಲ್ಲ.

ಬೆಂಬಲ ಕೊಡೋವರು ನಮ್ಮಲ್ಲಿ ಕಡಿಮಿ ಇಲ್ಲ. ಎಲೆಕ್ಷನ್ ಬಂದ್ರ ಕ್ರಿಕೆಟ್ ಕಿಟ್ ಬರ್ತಾವ, ಮುಖದ ಫೋಟೋ ಇರೋ ಜೆರ್ಸಿ ಬರ್ತಾವ, ಮೊದಲ ಬಹುಮಾನ ಇಂಥವರಿಂದ ಅಂತ ಬ್ಯಾನರ್ ಬೀಳ್ತಾವ. ಎಲೆಕ್ಷನ್ ಮುಗಿದ್ರ ಕಿಟ್‌ನ ಬ್ಯಾಟ್ ಹಿಡಿಕಿ ಕಿತ್ತಿರ್ತೈತಿ. ಪೂನಾ ಕ್ಲಬ್‌ನ ಚೆಂಡು, ಸೆಟ್ಲಮೆಂಟ್‌ನ ಕವಾಯತು, ಸಿದ್ದಿ ಮಕ್ಕಳ ಐದಾರು ವರ್ಷದ ತರಬೇತಿ, ಈ ಜೆರ್ಸಿ, ನಾಲ್ಕೂ ಒಂದೇ ಸಾಲಿನವು. ಕೊಟ್ಟವನ ಕೆಲಸ ಆದ ಮ್ಯಾಲ ವಾಪಸ್ ಹೋಗೋ ಸಾಮಾನು ಇವು. ವಾಪಸ್ ಹೋಗದ್ದು ಒಂದೇ, ನೆಲ. ಪಹಣಿಯಾಗ ಏರಿದ ನೆಲ.

ಹಂಗಾಗಿ ಕ್ಲರ್ಕ್ ಭಾಷ್ಯಾಗ ನಾಕು ಮಾತು. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 71ನೇ ಕಲಮಿನ ಪ್ರಕಾರ ಸರಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಬಹುದು. ಮೈದಾನ ಅನ್ನೋದು ಸಾರ್ವಜನಿಕ ಉದ್ದೇಶನ. ನಿಮ್ಮೂರಾಗ ಸರಕಾರಿ ಜಮೀನು ಯಾವ ಸರ್ವೆ ನಂಬರಿನಾಗ ಐತಿ ಅಂತ ಮೊದಲ ತೆಗೀರಿ, ಅರ್ಜಿಯಾಗ ಆ ನಂಬರ್ ಹಾಕ್ರಿ. ನಂಬರ್ ಇಲ್ಲದ ಅರ್ಜಿ ಫೈಲಿನಾಗ ಮಲಗ್ತೈತಿ, ನಾನ ಎಷ್ಟೋ ಮಲಗಿದ್ದನ್ನ ನೋಡೇನಿ. ಗ್ರಾಮಸಭೆಯಾಗ ಠರಾವು ಮಾಡಿಸ್ರಿ, ಠರಾವಿನ ನಕಲು ಇಸಕೊಳ್ರಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ನಮ್ಮ ಹೋರಾಟದಿಂದ ಬಂದದ್ದು, ರೊಕ್ಕ ಬ್ಯಾರೆ ಕಡೆ ಹರಿಯಾಕ ಕಿಂಡಿ ಆಗಿದ್ದ 7ಡಿ ಕಲಮು 2023ರಲ್ಲಿ ಹೋಗೈತಿ. ಆ ರೊಕ್ಕದಾಗ ಕೇರಿಗೆ ಕಾಂಕ್ರೀಟ್ ರಸ್ತೆ, ಗಟಾರು ಅಷ್ಟನ ಕೇಳಿ ಸುಮ್ಮನಾಗೋದು ಬಿಟ್ಟು ಮಕ್ಕಳು ಆಡೋ ಜಾಗಕ್ಕೂ ಕೇಳ್ರಿ. ಮತ್ತ ಮೈದಾನ ಮಾಡಿಸೋವಾಗ ಕೇರಿ ಹತ್ರನ ಮಾಡ್ರಿ, ಎಲ್ಲಾ ಓಣಿ ಹುಡುಗರೂ ಅಲ್ಲಿಗೆ ಬರಲಿ. ಇಷ್ಟು ವರ್ಷ ನಾವು ಅವರ ಕಣಕ್ಕ ಹೋಗೇವಿ, ಅವರು ನಮ್ಮ ಮೈದಾನಕ್ಕ ಬಂದು ನಮ್ಮ ಕಪ್ಪಿನಾಗ ಚಹಾ ಕುಡೀಲಿ.

ಕೊನೆಗೆ ಒಂದು ವಿನಂತಿ. ಹುಬ್ಬಳ್ಳಿ, ಗದಗ ಸೆಟ್ಲಮೆಂಟ್‌ನ ಹಳೆ ಹಾಕಿ ಟೀಮಿನ ಫೋಟೋ, 80-90ರ ದಶಕದ ಜಯಂತಿ ಕ್ರಿಕೆಟ್ ಟೂರ್ನಿಯ ಕರಪತ್ರ, ಕುಸ್ತಿ ಕಣದಾಗ ಹಲಗಿ ಬಾರಿಸಿದ ನಿಮ್ಮ ಅಜ್ಜಂದಿರ ಚಿತ್ರ ಯಾರ ಮನ್ಯಾಗರ ಇದ್ರ ಮೊಬೈಲಿನಾಗ ಫೋಟೋ ತೆಗೆದು ಕಳಸ್ರಿ. ಹಿಂದ ಹೆಸರು, ವರ್ಷ ಬರೆದಿದ್ದರ ಆ ಹಿಂಭಾಗದ್ದೂ ಒಂದು ತೆಗೀರಿ. ಟ್ರಂಕಿನಾಗ ಇದ್ದದ್ದು ಇಲಿ ತಿನ್ನೋಕಿಂತ ಮೊದಲ ಮಾಡ್ರಿ.

ಜೈ ಭೀಮ್.